ನಿಧಿನಾ, ಹರಳಾ? ಕೊಡಗಿನ ಹಳೇ ಗುಂಡಿಗಳ ಹಿನ್ನೆಲೆ

ಕೊಡಗಿನ ಕಾಡಂಚಿನಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದವರು ಕಂಡರೆ ಊರವರಿಗೆ ಬರುವ ಅನುಮಾನ ಎರಡೇ. ನಿಧಿನಾ, ಹರಳಾ? ಹವ್ಯಾಸ ಅಂದರೆ ನಂಬುವವರು ಕಡಿಮೆ. ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ.

ಇಲ್ಲಿ ಹಳೇ ಜಾಗ ಅಗೆಯುವುದು ಹೊಸದೇನಲ್ಲ. ವಿರಾಜಪೇಟೆ ಕಡೆಯ ಕಲ್ಗೋರಿಗಳನ್ನು, ಅಂದರೆ ಪ್ರಾಚೀನ ಕಲ್ಲು ಸಮಾಧಿಗಳನ್ನು, 19ನೇ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿಗಳು ತೆರೆಸಿದ್ದರು. ಸಿಕ್ಕಿದ್ದು ಮಡಕೆ, ಕಬ್ಬಿಣದ ಚೂರು. 1834ರಲ್ಲಿ ಕೊಡಗನ್ನು ಆಳುತ್ತಿದ್ದ ಹಾಲೇರಿ ಅರಸರ ಆಳ್ವಿಕೆ ಮುಗಿಯಿತು, ಅರಮನೆಯ ಹಣ ಎಲ್ಲಿ ಹೂತಿದೆ ಅನ್ನುವ ಕತೆ ಮುಗಿಯಲಿಲ್ಲ. 1880ರ ಸುಮಾರಿಗೆ ಪಕ್ಕದ ವಯನಾಡಿನಲ್ಲಿ ಚಿನ್ನದ ಹುಚ್ಚು ಹತ್ತಿ, ಲಂಡನ್ನಿನಲ್ಲಿ ಕಂಪನಿಗಳು ಹುಟ್ಟಿ, ಕೆಲವೇ ವರ್ಷದಲ್ಲಿ ಮುಳುಗಿದವು.

ಅನುಮಾನ ಗಟ್ಟಿಯಾದದ್ದು ಹರಳು ಕಲ್ಲಿನಿಂದ. ಭಾಗಮಂಡಲ ಕಡೆಯ ನಿಶಾನಿಮೊಟ್ಟೆ, ಗಡಿಯಂಚಿನ ಕೂಜಿಮಲೆ, ಈ ಹೆಸರುಗಳು ಕಲ್ಲಿನ ಜೊತೆಗೇ ಬರುತ್ತವೆ. ದಾಳಿಂಬೆ ಬೀಜದ ಬಣ್ಣದ, ಒಡವೆಗೆ ಕೂರಿಸುವ ಕಲ್ಲದು. ಕಾಡೊಳಗೆ ಗುದ್ದಲಿ, ಹಾರೆ ಹಿಡಿದು ಗುಂಡಿ ತೋಡುವುದು, ಬೆಳಕು ಹರಿಯುವ ಮೊದಲು ಚೀಲ ಹೊತ್ತು ಇಳಿಯುವುದು, ಅಷ್ಟೇ ಕಸುಬು. ಹೊತ್ತವನಿಗೆ ಕೂಲಿ, ಕಲ್ಲಿನ ನಿಜವಾದ ಬೆಲೆ ಗೊತ್ತಿದ್ದವರು ಬೆಟ್ಟ ಹತ್ತುವುದೇ ಇಲ್ಲ. ಸಿಕ್ಕಿಬೀಳುವುದು ಯಾರು ಅಂತ ಬೇರೆ ಹೇಳಬೇಕಾ? ತಮಾಷೆ ಅಂದರೆ, ಹರಳಿಗೆ ಡಿಟೆಕ್ಟರ್ ಕೂಗುವುದೇ ಇಲ್ಲ. ಅದು ಲೋಹಕ್ಕೆ ಮಾತ್ರ. ಆದರೂ ಯಂತ್ರ ಹಿಡಿದವನೂ ಹರಳು ಕಳ್ಳನೂ ಜನರ ಕಣ್ಣಿಗೆ ಒಂದೇ ಆಗಿಬಿಟ್ಟರು.

2018ರ ಆಗಸ್ಟ್ ಮಳೆಗೆ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು. ಅಲ್ಲಿಂದೀಚೆಗೆ ಇಲ್ಲಿ ಗುಂಡಿ ಅಂದರೆ ಬರೀ ಗುಂಡಿ ಅಲ್ಲ, ಗುಡ್ಡ ಜಾರುವ ಹೆದರಿಕೆ.

ಕಾನೂನು ಹವ್ಯಾಸಿ, ಕಳ್ಳ ಅಂತ ಮುಖ ನೋಡುವುದಿಲ್ಲ, ಮಣ್ಣು ನೋಡುತ್ತದೆ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಅಗೆದರೆ ಅಪರಾಧ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟಡಕ್ಕೂ ಗಣಿಗೂ ನಿಷೇಧ, ಆಚೆಯ 200 ಮೀಟರ್‌ಗೆ ನಿರ್ಬಂಧ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ವಿಗ್ರಹ ಪುರಾತನ ವಸ್ತು. ಹಾಗಾದರೆ ಹವ್ಯಾಸಿ ಹೋಗಬೇಕಾದದ್ದು ಎಲ್ಲಿಗೆ? ಅದಕ್ಕೆ ಮಾತ್ರ ಯಾವ ಕಾಯ್ದೆಯಲ್ಲೂ ಒಂದು ಸಾಲಿಲ್ಲ.

ಉಳಿಯುವುದು ಸ್ವಂತ ತೋಟ. ಅಲ್ಲೂ ಕೆಂಪು ಮಣ್ಣಿನ ಕಬ್ಬಿಣದ ಅಂಶ ಯಂತ್ರವನ್ನು ಸುಮ್ಮಸುಮ್ಮನೆ ಕೂಗಿಸುತ್ತದೆ. ಸಾಮಾನ್ಯ ಡಿಟೆಕ್ಟರ್‌ಗೆ ನಾಣ್ಯ ಒಂದು ಗೇಣು ಆಳಕ್ಕಿಂತ ಕೆಳಗಿದ್ದರೆ ಸಿಗುವುದು ಕಷ್ಟ. ಜೊತೆಗೆ ಇದು ಕೋವಿಯ ನಾಡು. ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೊಡವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಮಗು ಹುಟ್ಟಿದರೂ ಯಾರಾದರೂ ತೀರಿಕೊಂಡರೂ ಗುಂಡು ಹಾರಿಸುವ ಪದ್ಧತಿ ಇದೆ. ಹಾಗಾಗಿ ಕಾಫಿ ಗಿಡದ ಬುಡದಲ್ಲಿ ಯಂತ್ರ ಕೂಗಿದರೆ ಸಿಗುವುದು ಜಾಸ್ತಿ ಖಾಲಿ ಕಾಡತೂಸಿನ ಹಿತ್ತಾಳೆ ತಳವೇ. ಅಪ್ಪಿತಪ್ಪಿ ಹೂತಿಟ್ಟ ನಾಣ್ಯ ಸಿಕ್ಕಿತೋ, ಜೇಬಿಗೆ ಹಾಕುವ ಹಾಗಿಲ್ಲ. 1878ರ ನಿಧಿ ಕಾಯ್ದೆಯಲ್ಲಿ ಹತ್ತು ರೂಪಾಯಿ ಮೀರಿದ ನಿಧಿಯನ್ನೂ ಕಲೆಕ್ಟರ್‌ಗೆ ಬರೆದು ತಿಳಿಸಬೇಕಿತ್ತು. 1962ರಲ್ಲಿ ರಾಜ್ಯದ್ದೇ ಕಾಯ್ದೆ ಬಂತು. ಆದರೂ ನಿಧಿ ಸಿಕ್ಕವನ ದಾರಿ ಮಡಿಕೇರಿಯ ಡಿಸಿ ಆಫೀಸಿಗೇ.