ಗಗನಯಾತ್ರಿಯ ಹೆಲ್ಮೆಟ್ ಗಾಜಿಗೆ ಮಂಜು ಹಿಡಿಯುವುದಿಲ್ಲವೇ?

ಪ್ರಶ್ನೆ: ಗಗನಯಾತ್ರಿಯ ಹೆಲ್ಮೆಟ್ ಎಲ್ಲ ಕಡೆಯಿಂದಲೂ ಮುಚ್ಚಿರುತ್ತದೆ. ಉಸಿರಿನ ತೇವ ಗಾಜಿನ ಮೇಲೆ ಕೂರುವುದಿಲ್ಲವೇ? ಕೂತರೆ ಒರೆಸುವುದು ಹೇಗೆ?

ಉತ್ತರ: ಕೂರುತ್ತದೆ. ಒರೆಸಲು ದಾರಿಯೇ ಇಲ್ಲ, ಕೈ ಇರುವುದು ಗಾಜಿನ ಹೊರಗೆ.

ಇದು ಎಂಥ ಸಂಕಟವೆಂದು 1966ರ ಜೂನ್ 5ರಂದು ಅಮೆರಿಕದ ಯೂಜೀನ್ ಸರ್ನನ್ ಅವರಿಗೆ ತಿಳಿಯಿತು. ಜೆಮಿನಿ-9ಎ ನೌಕೆಯಿಂದ ಹೊರಬಂದು, ಅದರ ಹಿಂಭಾಗದಲ್ಲಿದ್ದ ಸಂಚಾರ ಯಂತ್ರವನ್ನು (ಗಗನಯಾತ್ರಿ ನೌಕೆಯ ಹೊರಗೆ ಅತ್ತಿತ್ತ ಸಾಗಲು ನೆರವಾಗುವ ಸಾಧನ) ಬೆನ್ನಿಗೆ ಕಟ್ಟಿಕೊಂಡು ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಭದ್ರವಾಗಿ ಹಿಡಿದು ನಿಲ್ಲಲು ಸಾಕಷ್ಟು ಹಿಡಿಕೆಗಳಿರಲಿಲ್ಲ. ಒಳಗಿನ ಒತ್ತಡಕ್ಕೆ ಉಬ್ಬಿ ಬಿಗಿದುಕೊಂಡ ಉಡುಪಿನಲ್ಲಿ ಮೊಣಕೈ ಮಡಚುವುದಕ್ಕೂ ಹೆಣಗಬೇಕಿತ್ತು. ತೂಕವಿಲ್ಲದ ಕಡೆ ಒಂದು ತಿರುಪನ್ನು ತಿರುಗಿಸಹೋದರೆ ತಿರುಪಿನ ಬದಲು ಮನುಷ್ಯನೇ ತಿರುಗಿಬಿಡುತ್ತಾನೆ. ಸರ್ನನ್ ಬೆವರಿನಲ್ಲಿ ತೊಯ್ದುಹೋದರು, ಎದೆಬಡಿತ ಏರಿತು. ಆ ಕಾಲದ ಉಡುಪಿನಲ್ಲಿ ಮೈಯನ್ನು ತಂಪು ಮಾಡುತ್ತಿದ್ದುದು ಒಳಗೆ ಹರಿಯುವ ಆಮ್ಲಜನಕ ಮಾತ್ರ. ಅಷ್ಟು ಶಾಖವನ್ನೂ ತೇವವನ್ನೂ ಹೊತ್ತೊಯ್ಯುವುದು ಅದರಿಂದಾಗಲಿಲ್ಲ. ಬಿಸಿ ಸಾರಿನ ಪಾತ್ರೆಗೆ ಬಗ್ಗಿದಾಗ ಕನ್ನಡಕ ಮಸುಕಾಗುವಂತೆ ಇಡೀ ಮುಖಗಾಜು ಮಸುಕಾಯಿತು. ಕೊನೆಗೆ ಮೂಗಿನ ತುದಿಯನ್ನು ಗಾಜಿಗೆ ಉಜ್ಜಿ ಒಂದು ಸಣ್ಣ ಕಿಂಡಿ ಮಾಡಿಕೊಂಡು, ಅದರಲ್ಲಿ ಕಂಡಷ್ಟನ್ನೇ ನಂಬಿ ಅವರು ಒಳಕ್ಕೆ ಮರಳಬೇಕಾಯಿತು. ಯಂತ್ರದ ಪರೀಕ್ಷೆಯನ್ನು ಕೈಬಿಡಲಾಯಿತು. ನೌಕೆಯ ನಾಯಕ ಟಾಮ್ ಸ್ಟಾಫರ್ಡ್ ಆ ತೀರ್ಮಾನಕ್ಕೆ ಬಾರದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮುಂದಿನ ಯಾನಗಳಲ್ಲಿ ಗಾಜಿನ ಒಳಮೈಗೆ ಮಂಜು ಕಟ್ಟದಂಥ ದ್ರಾವಣ ಸವರತೊಡಗಿದರು. ಅದು ಬೇಕೇ ಬೇಕು. ಆದರೆ ರೋಗದ ಮೂಲ ಗಾಜಿನಲ್ಲಿರಲಿಲ್ಲ, ದಣಿದು ಕಾದ ದೇಹದಲ್ಲಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಜೆಮಿನಿ-12ರ ಬಜ್ ಆಲ್ಡ್ರಿನ್, ನೀರಿನೊಳಗೆ ಅಭ್ಯಾಸ ಮಾಡಿ, ಕಾಲು ಸಿಕ್ಕಿಸುವ ಆಧಾರಗಳನ್ನೂ ಹಿಡಿಕೆಗಳನ್ನೂ ಬಳಸಿ, ನಡುನಡುವೆ ವಿರಮಿಸುತ್ತ ತಮ್ಮ ಕೆಲಸವನ್ನು ಸಲೀಸಾಗಿ ಮುಗಿಸಿದರು.

ಅಪೊಲೊ ಕಾಲಕ್ಕೆ ಹೆಲ್ಮೆಟ್‌ನ ರೂಪವೇ ಬದಲಾಯಿತು. ತೆರೆದು ಮುಚ್ಚುವ ಮುಖಗಾಜು ಹೋಗಿ ಪಾಲಿಕಾರ್ಬೊನೇಟಿನ ಪಾರದರ್ಶಕ ಗೋಳ ಬಂತು. ಅದು ಕತ್ತಿನ ಉಂಗುರಕ್ಕೆ ಬಿಗಿದು ನಿಲ್ಲುತ್ತಿತ್ತು, ತಲೆ ಅದರೊಳಗೆ ತಿರುಗುತ್ತಿತ್ತು. ಹಿಂಬದಿಯಿಂದ ಬಂದ ಆಮ್ಲಜನಕ ಮುಖದ ಮೇಲೆ ಹಾಯ್ದು, ಉಸಿರಿನ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೆಳಕ್ಕೆ ಒಯ್ಯುತ್ತಿತ್ತು. ಚಂದ್ರನ ನೆಲದ ಮೇಲೆ ನಡೆಯುವವರಿಗಂತೂ ಸಣ್ಣ ಕೊಳವೆಗಳಲ್ಲಿ ತಣ್ಣೀರು ಹರಿಯುವ ಒಳಉಡುಪು ಸಿಕ್ಕಿತು. 1972ರ ಡಿಸೆಂಬರ್‌ನಲ್ಲಿ ಅದನ್ನು ತೊಟ್ಟು ಚಂದ್ರನ ಮೇಲೆ ಮೂರು ಬಾರಿ, ಪ್ರತಿ ಬಾರಿಯೂ ಏಳು ಗಂಟೆಗೂ ಹೆಚ್ಚು ಹೊತ್ತು ಹೊರಗೆ ದುಡಿದ ಇಬ್ಬರಲ್ಲಿ ಸರ್ನನ್ ಒಬ್ಬರು.