ಪದ ಪರಿಚಯ: ಗೋಧಿಯ ‘ಬೆಳಕಿನ ಬಳಕೆ ದಕ್ಷತೆ’

ಬೆಳೆಯು ತನ್ನ ಎಲೆಗಳಲ್ಲಿ ಹಿಡಿದುಕೊಂಡ ಪ್ರತಿ ಮೆಗಾಜೂಲ್ (ಶಕ್ತಿಯ ಒಂದು ಅಳತೆ) ಬಿಸಿಲಿಗೆ ಎಷ್ಟು ಗ್ರಾಂ ಒಣ ತೂಕವನ್ನು ಕಟ್ಟುತ್ತದೆ ಎಂಬ ಲೆಕ್ಕವೇ ‘ಬೆಳಕಿನ ಬಳಕೆ ದಕ್ಷತೆ’. ನೀರು, ಗೊಬ್ಬರಗಳ ಕೊರತೆಯಿಲ್ಲದ ಬೆಳೆಗಳು ಬ್ರಿಟನ್ನಿನಲ್ಲಿ ಪ್ರತಿ ಮೆಗಾಜೂಲಿಗೆ ಸುಮಾರು 1.4 ಗ್ರಾಂ ಗಳಿಸುತ್ತವೆಂದು ಬ್ರಿಟಿಷ್ ವಿಜ್ಞಾನಿ ಜಾನ್ ಮಾಂಟೀತ್ 1977ರಲ್ಲಿ ತೋರಿಸಿದ ಮೇಲೆ ಈ ಅಳತೆ ವ್ಯಾಪಕವಾಗಿ ಬಳಕೆಗೆ ಬಂದಿತು. ಬಿಸಿಲಿನಲ್ಲಿ ಎಲೆಯ ಆಹಾರ ತಯಾರಿಕೆಗೆ ಒದಗುವುದು ಸುಮಾರು ಅರ್ಧ ಭಾಗ ಮಾತ್ರ; ಆ ಅರ್ಧವನ್ನಷ್ಟೇ ಲೆಕ್ಕ ಹಿಡಿದ ವರದಿಗಳಲ್ಲಿ ಇದೇ ಅಂಕಿ ಇಮ್ಮಡಿಯಾಗಿ ಕಾಣುತ್ತದೆ.

ಉದಾಹರಣೆಗೆ, ಒಂದು ಚದರ ಮೀಟರಿನ ಗೋಧಿ ದಿನಕ್ಕೆ ಈ ಉಪಯುಕ್ತ ಬೆಳಕಿನಲ್ಲಿ 6 ಮೆಗಾಜೂಲ್ ಹಿಡಿದು, ಪ್ರತಿಯೊಂದಕ್ಕೆ 2.5 ಗ್ರಾಂ ಗಳಿಸಿತೆಂದುಕೊಂಡರೆ, ಎಕರೆಗೆ ದಿನವೊಂದಕ್ಕೆ ಸುಮಾರು 60 ಕೆ.ಜಿ. ಒಣ ತೂಕವಾಗುತ್ತದೆ. ಇದರಲ್ಲಿ ಹುಲ್ಲು, ಬೇರು, ಕಾಳು ಎಲ್ಲವೂ ಸೇರಿರುವುದರಿಂದ ಇದನ್ನು ಇಳುವರಿ ಎಂದು ತಿಳಿಯಬಾರದು.

ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದುದು, ಬೆಳಕನ್ನು ಹಿಡಿಯುವುದು ಬೇರೆ, ಹಿಡಿದದ್ದನ್ನು ತೂಕವಾಗಿಸುವುದು ಬೇರೆ ಎಂಬುದು. ಸಾರಜನಕ ಗೊಬ್ಬರದ ಪ್ರಭಾವ ಮೊದಲನೆಯದರಲ್ಲೇ ಹೆಚ್ಚು: ಯೂರಿಯಾ ಕಡಿಮೆಯಾದ ಗೋಧಿಯಲ್ಲಿ ತೆಂಡೆಗಳು (ಬುಡದಿಂದ ಒಡೆಯುವ ಕವಲುಗಳು) ಕಡಿಮೆಯಾಗಿ, ಎಲೆಗಳು ಕಿರಿದಾಗಿ, ಸಾಲುಗಳ ನಡುವೆ ಬಿದ್ದ ಬಿಸಿಲು ನೆಲಕ್ಕೆ ಹೋಗುತ್ತದೆ. ಕೊರತೆ ತೀವ್ರವಾದಾಗ ಎಲೆಯ ಹರಿತ್ತೂ (ಹಸಿರು ವಸ್ತು) ಆಹಾರ ತಯಾರಿಕೆಯನ್ನು ನಡೆಸುವ ಕಿಣ್ವಗಳೂ ಕುಗ್ಗಿ ದಕ್ಷತೆಯೇ ಇಳಿಯುತ್ತದೆ; ಆದರೆ ಹೊಲವೆಲ್ಲ ಎಲೆ ಮುಚ್ಚಿದ ಮೇಲೆ ಸುರಿದ ಹೆಚ್ಚಿನ ಯೂರಿಯಾದಿಂದ ಪೈರು ಮಲಗೀತೇ ಹೊರತು ಲಾಭ ಅಷ್ಟಿಲ್ಲ. ನೀರಿನ ಕೊರತೆ ಎರಡನ್ನೂ ಕೆಡಿಸುತ್ತದೆ. ಮೊದಲು ಎಲೆ ಹಿಗ್ಗುವುದು ನಿಲ್ಲುತ್ತದೆ, ಆಮೇಲೆ ಪತ್ರರಂಧ್ರಗಳು ಮುಚ್ಚಿಕೊಂಡು ಇಂಗಾಲದ ಡೈಆಕ್ಸೈಡ್ ಒಳಗೆ ಬಾರದೆ, ಹಿಡಿದ ಬೆಳಕು ವ್ಯರ್ಥವಾಗುತ್ತದೆ. ಬಿತ್ತಿದ ಸುಮಾರು 21ನೇ ದಿನ, ತೆಂಡೆಯೂ ಬೇರೂ ಮೂಡುವ ಹೊತ್ತಿಗೆ, ನೀರು ತಪ್ಪಬಾರದೆನ್ನುವುದು ಇದಕ್ಕೇ.

ಉಷ್ಣತೆಯ ವಿಷಯ ಕೊಂಚ ಸೂಕ್ಷ್ಮ. ಗೋಧಿಗೆ 15ರಿಂದ 25 ಡಿಗ್ರಿ ಹಿತ. ಅದಕ್ಕೂ ಮೇಲೇರಿದಂತೆ ಎಲೆಯ ಕಿಣ್ವ ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿಯುವುದು ಹೆಚ್ಚಾಗಿ ಗಳಿಕೆ ಸೋರುತ್ತದೆ. ಕೋಲಾರ, ತುಮಕೂರಿನ ರಾಗಿಯ ಎಲೆಯಲ್ಲಿ ಈ ಸೋರಿಕೆಯನ್ನು ತಡೆಯುವ ವ್ಯವಸ್ಥೆಯಿರುವುದರಿಂದ ಅದು ಬಿಸಿಲನ್ನು ಗೋಧಿಗಿಂತ ಚೆನ್ನಾಗಿ ತಾಳುತ್ತದೆ. ಗೋಧಿಗೆ ಈ ಸೋರಿಕೆಗಿಂತ ದೊಡ್ಡ ನಷ್ಟ ಕಾಲದ್ದು: ಸೆಕೆಗೆ ಕಾಳು ತುಂಬುವ ದಿನಗಳೇ ಕಡಿಮೆಯಾಗಿ ಎಲೆ ಬೇಗ ಹಣ್ಣಾಗುತ್ತದೆ. ಆಗ ದಿನದಿನದ ದಕ್ಷತೆ ಅಷ್ಟೇನೂ ಕುಸಿಯದಿದ್ದರೂ ಒಟ್ಟು ಗಳಿಕೆ ಇಳಿಯುತ್ತದೆ. ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ನೆಚ್ಚಿ ಗೋಧಿ ಹಾಕುವವರಿದ್ದರೆ, ಡಿಸೆಂಬರ್ ಕೊನೆಗೆ ಬಿತ್ತಿದ ಬೆಳೆ ಮಾರ್ಚಿಯ ಬಿಸಿಲಿನಲ್ಲಿ ಕಾಳು ಕಟ್ಟಬೇಕಾಗುತ್ತದೆ. ನವೆಂಬರಿನಲ್ಲಿ ಬಿತ್ತಿದ್ದು ಬಹುಮಟ್ಟಿಗೆ ಅದರಿಂದ ಪಾರಾಗುತ್ತದೆ.