ಶಿಯಾ ಬೆಣ್ಣೆ: ಆರಿಸುವ ಕೈ ಒಂದು, ಬೆಲೆ ಕಟ್ಟುವ ಕೈ ಇನ್ನೊಂದು

ಬಾಡಿ ಲೋಷನ್ ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿ 'ಶಿಯಾ ಬಟರ್' ಅಂತ ಇರುತ್ತದೆ. ಡಬ್ಬಿ ತಿರುಗಿಸಿ ಹಿಂದಿನ ಸಣ್ಣಕ್ಷರದ ಪಟ್ಟಿ ಓದಿದರೆ ಅದೇ ವಸ್ತು 'ಬ್ಯುಟಿರೋಸ್ಪರ್ಮಮ್ ಪಾರ್ಕಿ' ಎಂಬ ಹೆಸರಲ್ಲಿ ಕೂತಿರುತ್ತದೆ. ಅದು ಎಷ್ಟನೇ ಜಾಗದಲ್ಲಿದೆ ಅಂತ ಒಮ್ಮೆ ನೋಡಿ. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರುವುದು ಈ ಪಟ್ಟಿಗಳ ಪದ್ಧತಿ. ಶಿಯಾ ಪಟ್ಟಿಯ ಬಾಲದಲ್ಲಿ, ಸುಗಂಧದ ಅಕ್ಕಪಕ್ಕ ಎಲ್ಲೋ ಇದ್ದರೆ, ಶಾಸ್ತ್ರಕ್ಕೊಂದು ಚಿಟಿಕೆ ಹಾಕಿದ್ದಾರೆ ಅಷ್ಟೇ.

ಆ 'ಪಾರ್ಕಿ' ಬಂದದ್ದು ಮುಂಗೋ ಪಾರ್ಕ್ ಎಂಬ ಸ್ಕಾಟ್ಲೆಂಡಿನ ವೈದ್ಯನಿಂದ. ಪಶ್ಚಿಮ ಆಫ್ರಿಕಾದ ನೈಜರ್ ನದಿ ಯಾವ ದಿಕ್ಕಿಗೆ ಹರಿಯುತ್ತದೆ ಅಂತ ಪತ್ತೆ ಮಾಡಲು ಹೊರಟಿದ್ದವನು. 1796ರಲ್ಲಿ ಈಗಿನ ಮಾಲಿ ದೇಶದ ಸೆಗು ಪಟ್ಟಣದ ಕಡೆ ಬಂದಾಗ, ಅಲ್ಲಿನ ಜನ ಮರದ ಕಾಯಿ ಆರಿಸಿ ಅದರಿಂದ ಬೆಣ್ಣೆ ತೆಗೆಯುವುದನ್ನು ಕಂಡ. ಉಪ್ಪು ಹಾಕದಿದ್ದರೂ ವರ್ಷಪೂರ್ತಿ ಕೆಡುವುದಿಲ್ಲ, ಹಸುವಿನ ಬೆಣ್ಣೆಗಿಂತ ಗಟ್ಟಿ, ರುಚಿಯೂ ಒಂದು ಕೈ ಮೇಲೆ ಎಂದು ಬರೆದಿಟ್ಟ. ಮರಕ್ಕೆ ಅವನ ಹೆಸರು ಅಂಟಿತು. ಸಸ್ಯಶಾಸ್ತ್ರದವರು ಈಗ ಅದನ್ನು ವಿಟೆಲ್ಲಾರಿಯಾ ಪ್ಯಾರಡಾಕ್ಸಾ ಎನ್ನುತ್ತಾರೆ. ಕ್ರೀಮು ಮಾಡುವವರು ಮಾತ್ರ ಹಳೆಯದನ್ನು ಬಿಟ್ಟಿಲ್ಲ.

ಪಾರ್ಕ್‌ಗೆ ಹೊಸದಾಗಿ ಕಂಡದ್ದು ಆ ಊರಿನವರಿಗೆ ಹಳೇ ಸಂಗತಿ. ಅವನಿಗಿಂತ 400 ವರ್ಷಕ್ಕೂ ಹಿಂದೆ, 1352ರಲ್ಲಿ ಸಹಾರಾ ದಾಟಿ ಮಾಲಿಗೆ ಹೋದ ಇಬ್ನ್ ಬತೂತ ಈ ಎಣ್ಣೆಯನ್ನು ಕಂಡಿದ್ದ. ಜನ ಇದರಲ್ಲಿ ಅಡುಗೆ ಮಾಡುತ್ತಾರೆ, ದೀಪ ಹಚ್ಚುತ್ತಾರೆ, ಮೈಗೆ ಹಚ್ಚಿಕೊಳ್ಳುತ್ತಾರೆ, ಮಣ್ಣಿಗೆ ಕಲಸಿ ಗೋಡೆಗೆ ಬಳಿಯುತ್ತಾರೆ ಎಂದು ಅವನು ಹೇಳಿದ್ದಾನೆ. ಮಾಲಿಯ ಪಕ್ಕದ ಬುರ್ಕಿನಾ ಫಾಸೊ ದೇಶದ ಕಿರಿಕೊಂಗೊ ಎಂಬಲ್ಲಿ ಉತ್ಖನನ ಮಾಡಿದವರಿಗೆ ಕ್ರಿ.ಶ. 100ರ ಆಸುಪಾಸಿನ ಶಿಯಾ ಚಿಪ್ಪಿನ ಚೂರುಗಳು ಸಿಕ್ಕಿವೆ. ಇಷ್ಟು ಗಟ್ಟಿ ಇತಿಹಾಸ ಇರುವಾಗ, ಜಾಹೀರಾತುಗಳು ಕ್ಲಿಯೋಪಾತ್ರಾ ಮಡಕೆಯಲ್ಲಿ ಶಿಯಾ ಬೆಣ್ಣೆ ತರಿಸಿಕೊಳ್ಳುತ್ತಿದ್ದಳು ಎಂಬ ಕಥೆಯನ್ನೇ ಯಾಕೆ ಹಿಡಿದುಕೊಂಡಿವೆಯೋ! ಆ ಕಥೆಗೆ ನಂಬುವಂಥ ಆಧಾರ ಏನೂ ಇಲ್ಲ.

ಸೆನೆಗಲ್‌ನಿಂದ ಹಿಡಿದು ದಕ್ಷಿಣ ಸುಡಾನ್, ಉಗಾಂಡದವರೆಗೆ, ಸಹಾರಾದ ಕೆಳಗೆ ಸುಮಾರು 5000 ಕಿಲೋಮೀಟರ್ ಉದ್ದದ ಒಣ ಹುಲ್ಲುಗಾವಲಿನ ಪಟ್ಟಿ ಇದೆ. ಶಿಯಾ ಬೆಳೆಯುವುದು ಅಲ್ಲಿ ಮಾತ್ರ. ನಮ್ಮ ಸಪೋಟ, ಇಪ್ಪೆ ಮರಗಳದ್ದೂ ಇದರದ್ದೂ ಒಂದೇ ಕುಟುಂಬ. ಇದನ್ನು ಯಾರೂ ತೋಟ ಮಾಡಿ ಬೆಳೆಸಿದ್ದಲ್ಲ. ಕಾಡು ಕಡಿದು ಹೊಲ ಮಾಡುವಾಗ ಈ ಮರಗಳನ್ನು ಬಿಟ್ಟುಕೊಂಡು ಬಂದಿದ್ದಾರೆ, ಅವುಗಳ ಮಧ್ಯೆ ಜೋಳ, ಸಜ್ಜೆ ಬಿತ್ತುತ್ತಾರೆ. ಫಲ ಬಿಡಲು 15-20 ವರ್ಷ ಬೇಕು, ಆಮೇಲೆ ಎರಡು ಶತಮಾನ ಬದುಕಿದರೂ ಬದುಕೀತು. ಇಷ್ಟು ಕಾಯಬೇಕಾದ ಮರವನ್ನು ದುಡ್ಡು ಹಾಕಿ ನೆಡಲು ಯಾರು ಮುಂದೆ ಬರುತ್ತಾರೆ? ಈ ಮರದ ಎಲೆ ತಿನ್ನುವ ಒಂದು ಜಾತಿಯ ಹುಳುವನ್ನು ಬುರ್ಕಿನಾ ಫಾಸೊದ ಬೋಬೊ-ಜುಲಾಸೊ ಸುತ್ತಮುತ್ತಲಿನ ಜನ ಹುರಿದು ಚಪ್ಪರಿಸುತ್ತಾರೆ. ಅವರಿಗೆ ಮರದಿಂದ ಅದೂ ಒಂದು ಫಸಲೇ.

ಕಾಯಿ ಉದುರುವುದು ಮಳೆ ಶುರುವಾಗುವ ಮೇ-ಜುಲೈ ಹೊತ್ತಿಗೆ. ಹೋದ ವರ್ಷದ ಕಾಳು ಮುಗಿದು, ಹೊಸ ಬೆಳೆ ಇನ್ನೂ ಕೈಗೆ ಬಾರದ ದಿನಗಳು ಅವು. ಬೆಳಕು ಹರಿಯುವ ಮೊದಲೇ ಹೆಂಗಸರು ಬೇಸಿನ್ ಹೊತ್ತು ಹೊರಡುತ್ತಾರೆ. ಹುಲ್ಲಿನಲ್ಲಿ ಹಾವಿನ ಕಾಟ. ಮೇಲಿನ ಸಿಹಿ ತಿರುಳನ್ನು ಮಕ್ಕಳು ತಿಂದುಬಿಡುತ್ತವೆ. ಒಳಗಿನ ಬೀಜವನ್ನು ತಡಮಾಡದೆ ಬೇಯಿಸಬೇಕು. ಬಿಟ್ಟರೆ ಮೊಳಕೆ ಒಡೆಯುತ್ತದೆ, ಕೊಬ್ಬು ಹಳಸುತ್ತದೆ. ಬೇಯಿಸಿ, ಬಿಸಿಲಿಗೆ ಒಣಗಿಸಿ, ಚಿಪ್ಪು ಒಡೆದು, ಒಳತಿರುಳನ್ನು ಮತ್ತೆ ಒಣಗಿಸುತ್ತಾರೆ. ಆಮೇಲೆ ಕುಟ್ಟಿ, ಹುರಿದು, ನುಣ್ಣಗೆ ಬೀಸುತ್ತಾರೆ. ಆಗ ಸಿಗುವುದು ಕಡು ಕಂದು ಬಣ್ಣದ, ಚಾಕೊಲೇಟಿನ ಹಾಗೆ ಕಾಣುವ ಹಿಟ್ಟು.

ನಿಜವಾದ ಕಸುಬು ಇರುವುದು ಇದರ ಮುಂದೆ. ಅಗಲ ಬೋಗುಣಿಗೆ ಹಿಟ್ಟು ಹಾಕಿ, ಹೆಂಗಸು ಮೊಣಕೈವರೆಗೂ ಕೈ ಇಳಿಸಿ ಕಲಸತೊಡಗುತ್ತಾಳೆ. ಒಮ್ಮೆ ತಣ್ಣೀರು, ಒಮ್ಮೆ ಬೆಚ್ಚನೆ ನೀರು, ಸ್ವಲ್ಪ ಸ್ವಲ್ಪವೇ. ತುಂಬಾ ಹೊತ್ತು ಏನೂ ಆದಂತೆ ಕಾಣುವುದಿಲ್ಲ. ಹಿಟ್ಟು ದಪ್ಪವಾಗಿ ಕೈ ಜಗ್ಗುತ್ತದೆ, ತೋಳು ಸೋಲುತ್ತದೆ, ಪಕ್ಕದವಳು ಬಂದು ಕೈ ಬದಲಿಸುತ್ತಾಳೆ. ಮೆಲ್ಲಗೆ ಬಣ್ಣ ತಿಳಿಯಾಗುತ್ತದೆ, ಕಂದು ಹೋಗಿ ಬೂದು, ಬೂದು ಹೋಗಿ ಬಿಳಿ. ಇನ್ನಷ್ಟು ನೀರು ಹೊಯ್ದಾಗ, ಮೊಸರು ಕಡೆದರೆ ಬೆಣ್ಣೆ ತೇಲುವ ಹಾಗೆ, ಕೊಬ್ಬೆಲ್ಲ ಮೇಲೆ ಬಂದು ಕೂರುತ್ತದೆ. ನೀರು ಎಷ್ಟು ಬಿಸಿ ಇರಬೇಕು, ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ಥರ್ಮಾಮೀಟರ್ ಇಲ್ಲ, ಕೈಗೇ ಗೊತ್ತು. ಮೇಲೆ ಬಂದದ್ದನ್ನು ತೆಗೆದು ತೊಳೆದು, ಕಾಯಿಸಿ ಸೋಸಿ ಆರಿಸಿದರೆ ಬೆಣ್ಣೆ ಸಿದ್ಧ. ಒಂದು ಕಿಲೋ ಬೆಣ್ಣೆಗೆ ಮೂರು-ನಾಲ್ಕು ಕಿಲೋ ಒಣ ತಿರುಳು ಬೇಕು. ಜೊತೆಗೆ ಹೊರೆಗಟ್ಟಲೆ ಸೌದೆ, ಕೊಡಗಟ್ಟಲೆ ನೀರು. ಎರಡನ್ನೂ ಹೊತ್ತು ತರುವವರು ಅವರೇ.

ಇಷ್ಟೆಲ್ಲ ಮಾಡಿ ತೆಗೆದದ್ದು ಚರ್ಮಕ್ಕೆ ಏನು ಮಾಡುತ್ತದೆ? ಇದರಲ್ಲಿ ಮುಖ್ಯವಾಗಿ ಇರುವುದು ಎರಡು ಕೊಬ್ಬಿನಾಮ್ಲಗಳು, ಒಲೀಕ್ ಮತ್ತು ಸ್ಟಿಯರಿಕ್. ಗಟ್ಟಿಯಾಗಿ ನಿಲ್ಲಿಸುವುದು ಸ್ಟಿಯರಿಕ್, ಸವರಿದಾಗ ಜಾರುವಂತೆ ಮಾಡುವುದು ಒಲೀಕ್. ಹೆಚ್ಚುಕಮ್ಮಿ ಮೈಬಿಸಿಗೇ ಕರಗುವುದರಿಂದ ಬೆರಳ ತುದಿಯಲ್ಲಿ ತೆಗೆದು ಉಜ್ಜಿದರೆ ಸಾಕು, ಎಣ್ಣೆಯಾಗುತ್ತದೆ. ಚರ್ಮದ ಮೇಲೆ ತೆಳುವಾದ ಪದರವಾಗಿ ನಿಂತು, ಒಳಗಿನ ನೀರು ಆರಿಹೋಗದಂತೆ ತಡೆಯುತ್ತದೆ. ಹಾಗಾಗಿ ಸ್ನಾನ ಆದ ತಕ್ಷಣ, ಮೈ ಇನ್ನೂ ತೇವ ಇರುವಾಗ ಹಚ್ಚಿದರೆ ಒಳ್ಳೆಯದು. ಬಿರುಕು ಬಿಟ್ಟ ಹಿಮ್ಮಡಿ, ಒಣಗಿದ ಮೊಣಕೈ, ಒಡೆದ ತುಟಿ, ಇವಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ.

ಇದರ ಇನ್ನೊಂದು ವಿಶೇಷ ಎಂದರೆ, ಸಾಬೂನು ಮಾಡಲು ಹೊರಟರೂ ಸಾಬೂನಾಗದೆ ಉಳಿಯುವ ಅಂಶ ಇದರಲ್ಲಿ ಬೇರೆ ಎಣ್ಣೆಗಳಿಗಿಂತ ಜಾಸ್ತಿ. ಲುಪಿಯೋಲ್, ಅಮೈರಿನ್ ಮುಂತಾದ ವಸ್ತುಗಳು, ಒಂದಿಷ್ಟು ಇ ಜೀವಸತ್ವ ಅದರಲ್ಲಿವೆ. ಪ್ರಯೋಗಾಲಯದಲ್ಲಿ ಇವು ಉರಿಯೂತ ತಗ್ಗಿಸುವ ಗುಣ ತೋರಿಸಿವೆ. ಆದರೆ ಪ್ರಯೋಗಾಲಯದ ಗುಣ ಡಬ್ಬಿಯಿಂದ ಹಚ್ಚಿದಾಗಲೂ ಅಷ್ಟೇ ಬರುತ್ತದೆ ಅಂತೇನಿಲ್ಲ. ಸುಕ್ಕು ಮಾಯ, ಕಲೆ ಮಾಯ ಎನ್ನುವವರ ಮಾತನ್ನು ನಾನಂತೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತೇನೆ. ಬಿಸಿಲಿನ ಅತಿನೇರಳೆ ಕಿರಣವನ್ನು ಇದು ಕೊಂಚ ಹೀರುವುದು ನಿಜ, ಹಾಗಂತ ಸನ್‌ಸ್ಕ್ರೀನ್ ಬದಲು ಇದನ್ನೇ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ. ಮೊಡವೆ ಹೆಚ್ಚಿರುವವರು ಮುಖಕ್ಕೆ ಬಳಸುವ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡುವುದು ಲೇಸು. ಇಸುಬು ಜೋರಾಗಿದ್ದರೆ ಡಾಕ್ಟರ ಹತ್ತಿರ ಹೋಗಬೇಕು, ಬೆಣ್ಣೆಯ ಹತ್ತಿರ ಅಲ್ಲ.

ಶುದ್ಧೀಕರಿಸದ ಬೆಣ್ಣೆ ತಿಳಿ ಹಳದಿ ಅಥವಾ ಕೆನೆ ಬಣ್ಣ ಇರುತ್ತದೆ, ಸ್ವಲ್ಪ ಹೊಗೆಯ, ಹುರಿದ ಬೀಜದ ವಾಸನೆ. ಕೆಲವರಿಗೆ ಅದು ಆಗಿಬರುವುದಿಲ್ಲ. ಶುದ್ಧೀಕರಿಸಿದ್ದು ಬಿಳಿ, ವಾಸನೆ ಇಲ್ಲ, ಆದರೆ ಮೇಲೆ ಹೇಳಿದ ಅಂಶಗಳಲ್ಲಿ ಒಂದಿಷ್ಟು ಅದರಿಂದ ಹೋಗಿರುತ್ತದೆ. ಬೇಸಿಗೆಯಲ್ಲಿ ಡಬ್ಬಿಯೊಳಗೇ ಕರಗಿ, ಮತ್ತೆ ನಿಧಾನಕ್ಕೆ ಗಟ್ಟಿಯಾದ ಬೆಣ್ಣೆಯಲ್ಲಿ ಮರಳಿನಂಥ ಹರಳು ಸಿಗುತ್ತವೆ. ಅದು ಕಲಬೆರಕೆ ಅಲ್ಲ, ಗಟ್ಟಿ ಕೊಬ್ಬು ಬೇರೆಯಾಗಿ ಹರಳುಗಟ್ಟಿದ್ದು. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಪೂರ್ತಿ ಕರಗಿಸಿ ಫ್ರಿಜ್‌ನಲ್ಲಿ ಬೇಗ ತಣಿಸಿದರೆ ಸರಿಹೋಗುತ್ತದೆ.

ಶಿಯಾ ಅಂದ ಕೂಡಲೇ ನಮಗೆ ಕ್ರೀಮು ನೆನಪಾಗುತ್ತದೆ, ಅಲ್ವಾ? ಆದರೆ ಆಫ್ರಿಕಾದಿಂದ ಹೊರಗೆ ಹೋಗುವ ಶಿಯಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸೇರುವುದು ತಿನ್ನುವ ವಸ್ತುಗಳಿಗೆ, ಅದರಲ್ಲೂ ಚಾಕೊಲೇಟಿಗೆ. ಇದರ ಗಟ್ಟಿ ಭಾಗವನ್ನು ಬೇರೆ ಮಾಡಿದರೆ ಕೋಕೋ ಬೆಣ್ಣೆಯ ಜಾಗದಲ್ಲಿ ಸಲೀಸಾಗಿ ಕೂರುತ್ತದೆ, ಅಗ್ಗವೂ ಹೌದು. ಬ್ರಿಟಿಷರು ಗೋಲ್ಡ್ ಕೋಸ್ಟ್, ಅಂದರೆ ಈಗಿನ ಘಾನಾವನ್ನು ಆಳುತ್ತಿದ್ದಾಗಲೇ ಇದರ ಮೇಲೆ ಕಣ್ಣಿಟ್ಟಿದ್ದರು. ಆದರೆ ರೈಲು ಕುಮಾಸಿಯ ತನಕ ಬಂದು ನಿಂತಿತು, ಶಿಯಾ ಇರುವ ಉತ್ತರಕ್ಕೆ ಹೋಗಲೇ ಇಲ್ಲ. ವ್ಯಾಪಾರ ದೊಡ್ಡದಾದದ್ದು ಯುರೋಪಿನ ಚಾಕೊಲೇಟ್ ಕಾರ್ಖಾನೆಗಳು ಇದಕ್ಕೆ ಬಾಯಿ ಬಿಟ್ಟ ಮೇಲೆ. ಕೋಕೋ ಬೆಣ್ಣೆ ಬಿಟ್ಟು ಬೇರೆ ಕೊಬ್ಬು ಹಾಕಿದ್ದನ್ನು ಚಾಕೊಲೇಟ್ ಅನ್ನಬಹುದಾ ಅಂತ ಅಲ್ಲಿನ ದೇಶಗಳು ದಶಕಗಟ್ಟಲೆ ಜಗಳಾಡಿದವು. ಬ್ರಿಟನ್, ಡೆನ್ಮಾರ್ಕ್ ಹೌದು ಎಂದವು, ಫ್ರಾನ್ಸ್, ಬೆಲ್ಜಿಯಂ ಇಲ್ಲ ಎಂದವು. ಕಡೆಗೆ 2000ದಲ್ಲಿ ಐರೋಪ್ಯ ಒಕ್ಕೂಟ 5 ಶೇಕಡಾದವರೆಗೆ ಆರು ಬಗೆಯ ಕೊಬ್ಬಿಗೆ ಒಪ್ಪಿಗೆ ಕೊಟ್ಟಿತು. ಆ ಆರರಲ್ಲಿ ಶಿಯಾ ಒಂದು. ನಮ್ಮ ಕಡೆಯ ಮುರುಗಲು, ಮಾವಿನ ವಾಟೆ, ಸಾಲ ಮರದ ಬೀಜದ ಕೊಬ್ಬೂ ಅದೇ ಪಟ್ಟಿಯಲ್ಲಿವೆ. ಉತ್ತರ ಕನ್ನಡದಲ್ಲಿ ಒಡೆದ ಕಾಲಿಗೆ ಹಚ್ಚುವ ಮುರುಗಲ ತುಪ್ಪ ಇದೆಯಲ್ಲ, ಅದೇ. ಈಗ ಛತ್ತೀಸಗಡದ ರಾಯಪುರದ ಕಡೆ ಸಾಲ ಬೀಜ, ಮಾವಿನ ವಾಟೆಯಿಂದ ಈ ಥರದ ಕೊಬ್ಬು ತೆಗೆಯುವ ಕಾರ್ಖಾನೆಗೂ ಪಶ್ಚಿಮ ಆಫ್ರಿಕಾದ ಶಿಯಾ ಬರುತ್ತಿದೆ.

ಚಾಕೊಲೇಟ್ ಕಾರ್ಖಾನೆಗೆ ಹೆಂಗಸರ ಕೈಬೆಣ್ಣೆ ಬೇಡ. ಒಣ ತಿರುಳು ಸಾಕು, ಬೆಣ್ಣೆಯನ್ನು ಅವರೇ ಯಂತ್ರದಲ್ಲಿ ತೆಗೆದುಕೊಳ್ಳುತ್ತಾರೆ. ತಿರುಳಿಗೂ ಬೆಣ್ಣೆಗೂ ನಡುವೆ ಇರುವ ಅಷ್ಟೂ ಕೆಲಸ, ಅಷ್ಟೂ ಲಾಭ ಹಡಗು ಹತ್ತಿ ಹೋಗುತ್ತದೆ. ಹಳ್ಳಿಯಲ್ಲಿ ಉಳಿಯುವುದು ಆರಿಸಿ ಒಣಗಿಸಿದ ಕೂಲಿ. ಅದೂ ಪೂರ್ತಿ ಸಿಗುವುದಿಲ್ಲ. ಕಾಯಿ ಬರುವ ಹೊತ್ತಿಗೆ ಮನೆಯಲ್ಲಿ ಕಾಳು ಖಾಲಿ ಆಗಿರುತ್ತದಲ್ಲ, ಹಾಗಾಗಿ ಒಣಗಿದ ಕೂಡಲೇ ದಲ್ಲಾಳಿ ಹೇಳಿದ ಬೆಲೆಗೆ ಕೊಡುತ್ತಾರೆ. ಕೆಲವು ತಿಂಗಳು ತಡೆದು ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ ಅಂತ ಅವರಿಗೂ ಗೊತ್ತು. ತಡೆಯಲು ಆಗಬೇಕಲ್ಲ?

ನ್ಯಾಯಯುತ ವ್ಯಾಪಾರ, ಫೇರ್ ಟ್ರೇಡ್, ಬಂದದ್ದು ಇಲ್ಲಿಗೆ. 1980ರ ದಶಕದಲ್ಲಿ ಫ್ರಾನ್ಸಿನ ಲಾಕ್ಸಿಟಾನ್ ಎಂಬ ಸೌಂದರ್ಯವರ್ಧಕ ಕಂಪನಿ ಬುರ್ಕಿನಾ ಫಾಸೊದ ಹೆಂಗಸರಿಂದ ನೇರವಾಗಿ ಬೆಣ್ಣೆ ಕೊಳ್ಳತೊಡಗಿತು. 1994ರಲ್ಲಿ ಆನಿಟಾ ರಾಡಿಕ್ ಕಟ್ಟಿದ, ಬ್ರಿಟನ್ನಿನ ಅಂಥದ್ದೇ ಕಂಪನಿ ಬಾಡಿ ಶಾಪ್ ಘಾನಾದ ತಮಾಲೆ ಹತ್ತಿರದ ತುಂಗ್ತೆಯಾ ಮಹಿಳಾ ಸಂಘದ ಜೊತೆ ವ್ಯವಹಾರ ಶುರು ಮಾಡಿತು. 2001ರಲ್ಲಿ ಬುರ್ಕಿನಾದ ಲಿಯೋ ಪಟ್ಟಣದಲ್ಲಿ ಸುತ್ತಲಿನ ಮಹಿಳಾ ಗುಂಪುಗಳು ಸೇರಿ ತಮ್ಮದೇ ಒಕ್ಕೂಟ ಮಾಡಿಕೊಂಡವು. ಫೇರ್ ಟ್ರೇಡ್ ಪ್ರಮಾಣಪತ್ರ ಸಿಕ್ಕ ಗುಂಪಿಗೆ ಮಾರುಕಟ್ಟೆ ಬಿದ್ದರೂ ಒಂದು ಕನಿಷ್ಠ ಬೆಲೆ ಗ್ಯಾರಂಟಿ. ಅದರ ಮೇಲೆ ಬರುವ ಹೆಚ್ಚುವರಿ ಹಣವನ್ನು ಬೋರ್‌ವೆಲ್‌ಗೋ ಶಾಲೆಗೋ ಗೋದಾಮಿಗೋ ಎಂದು ಗುಂಪಿನವರೇ ಕೂತು ತೀರ್ಮಾನಿಸುತ್ತಾರೆ. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ದೊಡ್ಡದು ಗೋದಾಮು. ದಾಸ್ತಾನಿಡಲು ಜಾಗ, ಅಷ್ಟು ದಿನ ಮನೆ ನಡೆಸಲು ಮುಂಗಡ, ಇವೆರಡು ಇದ್ದರೆ ದಲ್ಲಾಳಿಗೆ 'ಈಗ ಕೊಡಲ್ಲ' ಎನ್ನಬಹುದು.

ಆದರೆ ಈ ಲೇಬಲ್ ಮುಟ್ಟುವುದು ಎಷ್ಟು ಜನರನ್ನು? ಈ ಕಸುಬಿನಲ್ಲಿ ಸುಮಾರು 1.6 ಕೋಟಿ ಹೆಂಗಸರಿದ್ದಾರೆ ಎಂಬುದು ಉದ್ಯಮದವರೇ ಹೇಳುವ ಅಂದಾಜು. ತುಂಗ್ತೆಯಾ ಸಂಘದಲ್ಲಿ ಇದ್ದವರು ಹನ್ನೊಂದು ಹಳ್ಳಿಗಳ 640 ಮಂದಿ. ಪ್ರಮಾಣಪತ್ರಕ್ಕೆ ಖರ್ಚಿದೆ, ಲೆಕ್ಕಪತ್ರ ಇಡಬೇಕು, ಓದು ಬರಹ ಬರುವವರು ಬೇಕು. ಕೊಳ್ಳುವವನು ಒಬ್ಬನೇ ಆದರೆ ಅದೂ ಅಪಾಯವೇ. 2024ರ ಫೆಬ್ರವರಿಯಲ್ಲಿ ಬಾಡಿ ಶಾಪ್‌ನ ಬ್ರಿಟನ್ ವ್ಯವಹಾರವೇ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಮೂವತ್ತು ವರ್ಷ ಒಂದೇ ಗಿರಾಕಿಯನ್ನು ನೆಚ್ಚಿಕೊಂಡರೆ ಹೀಗೂ ಆಗುತ್ತದೆ. ಇನ್ನು ಮರ ನಿಂತಿರುವ ನೆಲ ಸಾಮಾನ್ಯವಾಗಿ ಗಂಡಸರ ಕೈಯಲ್ಲಿದೆ. ಇದ್ದಿಲಿಗೆ ಮರ ಕಡಿದರೆ ಕಾಯಿ ಆರಿಸುವವಳ ಮಾತು ನಡೆಯುವುದಿಲ್ಲ. ಅಳಿವಿನ ಭೀತಿ ಇರುವ ಪ್ರಭೇದಗಳ ಪಟ್ಟಿಗೆ ಶಿಯಾ ಮರ 1998ರಲ್ಲೇ ಸೇರಿದೆ.

ಈಗ ಸರ್ಕಾರಗಳು ಬೇರೆ ದಾರಿ ಹಿಡಿದಿವೆ. ಬುರ್ಕಿನಾ ಫಾಸೊ 2024ರಲ್ಲಿ ಒಣ ತಿರುಳಿನ ರಫ್ತು ನಿಲ್ಲಿಸಿತು, ಮಾಲಿಯೂ ಅದನ್ನೇ ಮಾಡಿತು. 2025ರ ಆಗಸ್ಟ್‌ನಲ್ಲಿ ನೈಜೀರಿಯಾ ಆರು ತಿಂಗಳ ನಿಷೇಧ ಹಾಕಿತು. 'ಜಗತ್ತಿನ ಶಿಯಾದಲ್ಲಿ ಸುಮಾರು 40 ಶೇಕಡಾ ನಮ್ಮಲ್ಲೇ ಬೆಳೆಯುತ್ತದೆ, 650 ಕೋಟಿ ಡಾಲರ್ ಮಾರುಕಟ್ಟೆಯಲ್ಲಿ ನಮ್ಮ ಪಾಲು ಬರೀ 1 ಶೇಕಡಾ' ಎಂದು ಅಲ್ಲಿನ ಸರ್ಕಾರ ಕಾರಣ ಕೊಟ್ಟಿತು. ಬೆಣ್ಣೆ ಇಲ್ಲೇ ತೆಗೆದು ಕಳಿಸಿದರೆ ದುಡ್ಡು ಇಲ್ಲೇ ಉಳಿಯುತ್ತದೆ ಎಂಬ ಲೆಕ್ಕ ತಪ್ಪಲ್ಲ. ಆದರೆ ಆದೇಶ ಬಂದದ್ದು ಕಾಯಿ ಆರಿಸಿ ಒಣಗಿಸಿ ಮಾರಾಟಕ್ಕೆ ಇಟ್ಟ ಹೊತ್ತಿನಲ್ಲಿ. ಇದ್ದಕ್ಕಿದ್ದಂತೆ ಹೊರದೇಶದ ಖರೀದಿ ನಿಂತಿತು, ಒಳಗಿನ ಕಾರ್ಖಾನೆಗಳಿಗೆ ಅಷ್ಟನ್ನೂ ಅರೆಯುವ ಶಕ್ತಿ ಇರಲಿಲ್ಲ, ಬೆಲೆ ಕುಸಿಯಿತು. ಮೊದಲ ಪೆಟ್ಟು ಬಿದ್ದದ್ದು ಮೂಟೆ ಕಟ್ಟಿಟ್ಟುಕೊಂಡಿದ್ದ ಹೆಂಗಸರಿಗೆ. ಕಾರ್ಖಾನೆ ಮೊದಲು, ನಿಷೇಧ ಆಮೇಲೆ ಬಂದಿದ್ದರೆ ಹೀಗಾಗುತ್ತಿರಲಿಲ್ಲ.